ಮೊದಲ ವಾರದ ಹಣ, ಎರಡೂವರೆ ವರ್ಷದ ಚಿಕಿತ್ಸೆ: ಹನುಮಂತನಗರದ ಒಂದು ರಸ್ತೆಯ ಪ್ರಕರಣ

ಕ್ಯಾನ್ಸರ್ ಬಂದ ಮನೆಗೆ ನೆರೆಹೊರೆಯವರು ದುಡ್ಡು ಎತ್ತಿ ಕೊಡುವುದು ಬೆಂಗಳೂರಿಗೆ ಹೊಸದೇನಲ್ಲ. ವಾಟ್ಸಾಪ್‌ಗೆ ಒಂದು ಮೆಸೇಜ್ ಬರುತ್ತದೆ. ಕೆಳಗೆ ಕ್ಯೂಆರ್ ಕೋಡ್ ಇರುತ್ತದೆ. ಕೈಲಾದಷ್ಟು ಹಾಕುತ್ತೇವೆ. ಆಮೇಲೆ ಆ ಮನೆಯಲ್ಲಿ ಏನಾಯಿತು ಅಂತ ಹಾಕಿದವರಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದೇ ಇಲ್ಲ.

ಹನುಮಂತನಗರದ ನಮ್ಮ ರಸ್ತೆಯಲ್ಲಿ 2022ರ ಆಗಸ್ಟ್‌ನಿಂದ 2025ರ ಜನವರಿವರೆಗೆ ಒಂದು ಮಗುವಿನ ಚಿಕಿತ್ಸೆಗೆ ಜನ ಜೊತೆ ನಿಂತರು. ಆ ಹಣದ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವಾಗ ನಿಂತುಹೋಗುವುದರಲ್ಲಿತ್ತು ಅನ್ನುವುದನ್ನು ಬೇರೆ ಬಡಾವಣೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಮಗುವಿನ ತಂದೆ ತಾಯಿ ಒಪ್ಪಿದ್ದಾರೆ. ಯಾರ ಹೆಸರೂ ಇಲ್ಲಿಲ್ಲ.

ತಂದೆಗೆ ರಸ್ತೆಯ ತಿರುವಿನಲ್ಲಿ ಇಸ್ತ್ರಿ ಗಾಡಿ. ತಾಯಿ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಪಾವಗಡದ ಕಡೆಯವರು. ಒಬ್ಬಳೇ ಮಗಳು, ಆಗ ಏಳು ವರ್ಷ, ಎರಡನೇ ಕ್ಲಾಸು. ಜುಲೈನಲ್ಲಿ ಅವಳಿಗೆ ಜ್ವರ ಬರುವುದು, ಬಿಡುವುದು ಶುರುವಾಯಿತು. ಕಾಲು ನೋವು ಅಂತ ರಾತ್ರಿ ಅಳುತ್ತಿದ್ದಳು. ಮುಖ ಬಿಳಚಿಕೊಂಡಿತು. ಎಲ್ಲೂ ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳು ಕಂಡವು. ಮಳೆಗಾಲ, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ. ಎಲ್ಲರೂ ಡೆಂಗಿ ಅಂದುಕೊಂಡರು. ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ರಕ್ತದ ಸ್ಲೈಡ್ ನೋಡಿದ ವೈದ್ಯರಿಗೆ ಅನುಮಾನ ಬಂತು. ಬೋನ್ ಮ್ಯಾರೋ ಪರೀಕ್ಷೆ ಆಯಿತು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಅಂತ ರಿಪೋರ್ಟ್ ಬಂತು. ಆಸ್ಪತ್ರೆಗಳಲ್ಲಿ ಎಲ್ಲರೂ ಎ.ಎಲ್.ಎಲ್. ಅನ್ನುತ್ತಾರೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಚಿಕಿತ್ಸೆ ಪೂರ್ತಿ ಮಾಡಿಸಿದರೆ ಬಹುಪಾಲು ಮಕ್ಕಳು ಗುಣವಾಗುವ ಕ್ಯಾನ್ಸರ್ ಕೂಡ ಇದೇ. "ಪೂರ್ತಿ" ಅನ್ನುವುದನ್ನು ದಯವಿಟ್ಟು ನೆನಪಿಡಿ. ಮುಂದೆ ನಾವು ಪಟ್ಟ ಪಾಡೆಲ್ಲ ಅದರ ಸಲುವಾಗಿಯೇ.

ಮೊದಲ ವಾರ

ಖಾಸಗಿ ಆಸ್ಪತ್ರೆಯ ಬಿಲ್ 1,40,000 ರೂಪಾಯಿ ಆಯಿತು. ಮಗುವಿಗೆ ಸೋಂಕು ಆಗಿ ಐಸಿಯುನಲ್ಲಿ ಕೆಲವು ದಿನ ಇಟ್ಟಿದ್ದರಿಂದ ಅಷ್ಟಾಯಿತು. ತಾಯಿಯ ಸರ ಮತ್ತು ಓಲೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು 40,000 ತಂದರು. ಗೊತ್ತಿದ್ದ ಒಬ್ಬರಿಂದ 60,000 ಕೈಸಾಲ ತಂದರು. ಬಡ್ಡಿ ತಿಂಗಳಿಗೆ ನೂರಕ್ಕೆ ಐದು ರೂಪಾಯಿ. ಉಳಿದ 40,000ಕ್ಕೆ ದಾರಿ ಇರಲಿಲ್ಲ. ಆಗ ನಮ್ಮ ರಸ್ತೆಯ ಗ್ರೂಪಿಗೆ ಮೆಸೇಜ್ ಬಂತು.

ಐದಾರು ದಿನದಲ್ಲಿ ಸುಮಾರು 1,80,000 ರೂಪಾಯಿ ಸೇರಿತು. ಇಸ್ತ್ರಿ ಗಾಡಿಯವರನ್ನು ಎಲ್ಲರೂ ಬಲ್ಲರು. ಯಾರ ಮನೆಯಲ್ಲಿ ಮದುವೆ, ಯಾರು ಊರಿಗೆ ಹೋಗಿದ್ದಾರೆ, ಯಾರ ಮನೆಗೆ ಮಗು ಬಂದಿದೆ ಅನ್ನುವುದೆಲ್ಲ ಅವರಿಗೆ ಬಟ್ಟೆ ನೋಡಿಯೇ ಗೊತ್ತಾಗುತ್ತಿತ್ತು. ಅಂಥವರ ಮಗಳು ಅಂದಾಗ ಜನ ಯೋಚಿಸಲಿಲ್ಲ. ಎರಡು ಬೀದಿ ಆಚೆಯ ಹಾಲಿನ ಬೂತಿನವರು ಕೊಟ್ಟರು. ದೊಡ್ಡ ಮನೆಯವರೂ ಕೊಟ್ಟರು, ಬಾಡಿಗೆ ರೂಮಿನ ಹುಡುಗರೂ ಕೊಟ್ಟರು.

ಆಮೇಲೆ ಮೂರು ವಾರ ಹೆಚ್ಚುಕಡಿಮೆ ಏನೂ ಬರಲಿಲ್ಲ. ಇದು ನಮ್ಮ ಒಂದು ರಸ್ತೆಯ ಗುಣ ಅಲ್ಲ. ಸುದ್ದಿ ಕೇಳಿದಾಗ ಮನಸ್ಸು ಕರಗುತ್ತದೆ, ಕೈ ಜೇಬಿಗೆ ಹೋಗುತ್ತದೆ, ಒಂದು ವಾರ ಕಳೆದರೆ ಬದುಕು ತನ್ನ ದಾರಿ ಹಿಡಿಯುತ್ತದೆ. ಆದರೆ ಎ.ಎಲ್.ಎಲ್. ಚಿಕಿತ್ಸೆ ಎರಡರಿಂದ ಮೂರು ವರ್ಷದ್ದು. ಮೊದಲ ಒಂದು ತಿಂಗಳು ಇಂಡಕ್ಷನ್: ಸ್ಟೀರಾಯ್ಡ್, ಕೀಮೋ, ಬೆನ್ನಿಗೆ ಕೊಡುವ ಇಂಜೆಕ್ಷನ್. ಆಮೇಲೆ ಹಲವು ತಿಂಗಳು ಬಿರುಸಿನ ಕೀಮೋ. ಕೊನೆಗೆ ಮೇಂಟೆನೆನ್ಸ್ ಅನ್ನುವ ಬಹಳ ಉದ್ದದ ಹಂತ. ಆಗ ದಿನಾ ಮಾತ್ರೆ, ವಾರಕ್ಕೊಮ್ಮೆ ಇನ್ನೊಂದು ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಹಣ ಬಂದದ್ದು ಒಂದು ವಾರದಲ್ಲಿ, ಬೇಕಾಗಿದ್ದು ಎರಡೂವರೆ ವರ್ಷಕ್ಕೆ. ಇದನ್ನು ನಮಗೆ ಬಿಡಿಸಿ ಹೇಳಿದವರು ರಸ್ತೆಯ ಕೊನೆ ಮನೆಯ ನಿವೃತ್ತ ನರ್ಸ್ ಒಬ್ಬರು. ಅವರನ್ನು ಇಲ್ಲಿ ಸಿಸ್ಟರ್ ಅಂತಲೇ ಕರೆಯುತ್ತೇನೆ, ರಸ್ತೆಯಲ್ಲಿ ಎಲ್ಲರೂ ಹಾಗೆಯೇ ಕರೆಯುವುದು.

ಸಾಲ ತೀರಿಸುವುದೂ ಚಿಕಿತ್ಸೆಯೇ

ರಾಮಮಂದಿರದ ಹಾಲ್‌ನಲ್ಲಿ ಒಂದು ಭಾನುವಾರ ಸೇರಿದೆವು. ಆಸ್ಪತ್ರೆಯ ಬಾಕಿ 40,000 ಕಟ್ಟಿ ಮಗುವನ್ನು ಆಗಲೇ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿಗೆ ಕರೆದುಕೊಂಡು ಹೋಗಿದ್ದರು. ಕೈಯಲ್ಲಿ 1,40,000 ಇತ್ತು. ಸಿಸ್ಟರ್ ಮೊದಲು ಹೇಳಿದ್ದು, "ಆ ಕೈಸಾಲ ತೀರಿಸಿ."

ಹಲವರಿಗೆ ಇಷ್ಟವಾಗಲಿಲ್ಲ. ನಾವು ಮಗುವಿನ ಔಷಧಿಗೆ ಕೊಟ್ಟದ್ದು, ಬಡ್ಡಿಯವನಿಗೆ ಕೊಟ್ಟದ್ದಲ್ಲ ಅಂದರು. ಅವರ ಮಾತು ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ದಾನ ಕೊಟ್ಟವರಿಗೆ ತಮ್ಮ ದುಡ್ಡು ಔಷಧಿಯಾಗಿ ಕಾಣಬೇಕು ಅನಿಸುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. 60,000ಕ್ಕೆ ನೂರಕ್ಕೆ ಐದರಂತೆ ತಿಂಗಳಿಗೆ 3,000 ಬಡ್ಡಿ. ಅಸಲು ಒಂದು ರೂಪಾಯಿಯೂ ಕಡಿಮೆಯಾಗದೆ, ಎರಡೂವರೆ ವರ್ಷಕ್ಕೆ ಬಡ್ಡಿಯೇ 90,000. ಆ 3,000 ಅಂದರೆ ಆ ಮನೆಯ ತಿಂಗಳ ಆಟೊ ಖರ್ಚು. ಸಾಲ ಹಾಗೇ ಉಳಿದಿದ್ದರೆ, ಬಡ್ಡಿ ಕಟ್ಟಲು ಆಗದ ತಿಂಗಳು ತಂದೆ ಆಸ್ಪತ್ರೆಗೆ ಹೋಗುವುದು ಬಿಟ್ಟು ಗಾಡಿ ಹತ್ತಿರ ನಿಲ್ಲುತ್ತಿದ್ದರು. ಮಗುವಿನ ಕೀಮೋ ದಿನ ತಪ್ಪುತ್ತಿತ್ತು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಜನ ಒಪ್ಪಿದರು. ಮೂವರು ಹೋಗಿ ಅಸಲು ಕೊಟ್ಟು, ಬರೆಸಿಕೊಂಡಿದ್ದ ಪತ್ರ ವಾಪಸ್ ತಂದರು.

ಬ್ಯಾಂಕಿನ ಒಡವೆ ಸಾಲವನ್ನು ಬೇಕೆಂದೇ ಬಿಟ್ಟೆವು. ಅದರ ಬಡ್ಡಿ ಕಡಿಮೆ, ಕಾಯಬಹುದು. 2024ರ ಆರಂಭದಲ್ಲಿ ಬಡ್ಡಿ ಸೇರಿ ಸುಮಾರು 46,000 ಕಟ್ಟಿ ಬಿಡಿಸಿದೆವು. ಕಾಯಿಲೆ ಮನೆಗೆ ಹಣ ಎತ್ತುವವರು ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಸಾಲ ಇದೆ, ಯಾರ ಹತ್ತಿರ, ಎಷ್ಟು ಬಡ್ಡಿ" ಅನ್ನುವುದು ಅಂತ ನಾನು ಬಲವಾಗಿ ನಂಬುತ್ತೇನೆ. ಕೇಳಲು ಮುಜುಗರ ಆಗುತ್ತದೆ, ನಿಜ. ಒಬ್ಬರೇ ಹೋಗಿ, ತಾಯಿಯ ಹತ್ತಿರ ಕೂತು, ಮೆಲ್ಲಗೆ ಕೇಳಿದರೆ ಹೇಳುತ್ತಾರೆ.

ಕಾರ್ಡಿನಲ್ಲಿ ಇಲ್ಲದ ಹೆಸರು

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ 1973ರಿಂದ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆ. ಕೋಲಾರ, ತುಮಕೂರು, ಆಚೆ ಅನಂತಪುರ, ಚಿತ್ತೂರಿನಿಂದಲೂ ಜನ ಅಲ್ಲಿಗೆ ಬರುತ್ತಾರೆ. ಮಕ್ಕಳ ಕ್ಯಾನ್ಸರ್‌ಗೆ ಬೇರೆಯೇ ವಿಭಾಗ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದೆ. ರಾಜ್ಯದ ಯೋಜನೆ ಮತ್ತು ಕೇಂದ್ರದ ಯೋಜನೆ 2018ರಲ್ಲಿ ಸೇರಿ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿ ಮಾಡಿದ ಮೊತ್ತದ, ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದದ್ದು ರೋಗಿಯ ಮನೆಯವರೇ ಕಟ್ಟಬೇಕು.

ಈ ಮನೆಗೆ ಬಿಪಿಎಲ್ ಕಾರ್ಡ್ ಇತ್ತು. ಆದರೆ ಅದು ಊರಿನಲ್ಲಿ, ಅಜ್ಜಿಯ ಹೆಸರಲ್ಲಿ. ಅದರಲ್ಲಿ ಮಗಳ ಹೆಸರೇ ಇರಲಿಲ್ಲ. ಹುಟ್ಟಿದ ಮೇಲೆ ಸೇರಿಸಿರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಅಕ್ಕಿ ಊರಲ್ಲಿ ಅಜ್ಜಿ ತರುತ್ತಾರೆ, ಕಾರ್ಡ್ ಪೆಟ್ಟಿಗೆಯಲ್ಲಿ ಇರುತ್ತದೆ, ಯಾರೂ ತೆಗೆದು ನೋಡುವುದಿಲ್ಲ.

ಹೆಸರು ಸೇರಿಸುವ ಕೆಲಸ ಎರಡು ತಿಂಗಳು ಹಿಡಿಯಿತು. ಜನನ ಪತ್ರದಲ್ಲಿ ತಾಯಿಯ ಹೆಸರಿನ ಒಂದಕ್ಷರ ಆಧಾರ್‌ಗೆ ಹೊಂದುತ್ತಿರಲಿಲ್ಲ. ಅದನ್ನು ತಿದ್ದಿಸಬೇಕಾಯಿತು. ಬ್ರೌಸಿಂಗ್ ಸೆಂಟರ್ ಇಟ್ಟಿರುವ ನಮ್ಮ ರಸ್ತೆಯ ಯುವಕರೊಬ್ಬರು ಈ ಕೆಲಸವನ್ನು ತಲೆ ಮೇಲೆ ಹೊತ್ತರು. ಅಂಗಡಿ ಮುಚ್ಚಿ ಮಗುವಿನ ತಂದೆಯ ಜೊತೆ ಊರಿಗೂ ಹೋಗಿ ಬಂದರು. ಅವರು ಗ್ರೂಪಿಗೆ ಹಾಕಿದ ಹಣ 500 ರೂಪಾಯಿ. ಆದರೆ ಈ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಕೊಡುಗೆ ಯಾರದು ಅಂತ ನನ್ನನ್ನು ಕೇಳಿದರೆ ಅವರನ್ನೇ ತೋರಿಸುತ್ತೇನೆ. ಕಾರ್ಡ್ ಸರಿಯಾದ ಮೇಲೆ ಯೋಜನೆಯಿಂದ ಬಂದ ಚಿಕಿತ್ಸೆಯ ಬೆಲೆ, ರಸ್ತೆಯವರು ಎಷ್ಟು ವರ್ಷ ಎತ್ತಿದರೂ ಸೇರುವಂಥದ್ದಲ್ಲ.

ಕಾರ್ಡ್ ಆಗುವವರೆಗೆ ಆದ ಆಸ್ಪತ್ರೆ ಖರ್ಚು ಮತ್ತು ಹೊರಗಿನ ಪರೀಕ್ಷೆಗಳಿಗೆ ಸುಮಾರು 55,000 ಹೋಯಿತು. ಚಿಕಿತ್ಸೆ ಒಂದು ದಿನವೂ ನಿಲ್ಲಬಾರದು ಅನ್ನುವುದು ಒಂದೇ ಆಗಿನ ಗುರಿ.

ಗಾಡಿ ನಿಲ್ಲಬಾರದು

ಯೋಜನೆ ಔಷಧಿ ಕೊಡುತ್ತದೆ. ಆಟೊ ಬಾಡಿಗೆ ಕೊಡುವುದಿಲ್ಲ. ಮೊಟ್ಟೆ, ಹಾಲು, ಕಾಯಿಸಿದ ನೀರಿಗೆ ಗ್ಯಾಸು, ಮನೆ ಬಾಡಿಗೆ ಕೊಡುವುದಿಲ್ಲ. ತಂದೆ ಆಸ್ಪತ್ರೆಯಲ್ಲಿ ಕೂತ ದಿನದ ಕೂಲಿ ಕೊಡುವುದಿಲ್ಲ. ತಾಯಿ ಮೂರು ಮನೆ ಕೆಲಸವನ್ನೂ ಬಿಟ್ಟಿದ್ದರು.

ಕೀಮೋ ಆಗುತ್ತಿರುವ ಮಗುವಿಗೆ ಬಿಳಿ ರಕ್ತಕಣ ಕುಸಿದಿರುತ್ತದೆ. ತುಂಬಿದ ಬಸ್ಸಿನಲ್ಲಿ ಕರೆದುಕೊಂಡು ಹೋಗುವಂತಿಲ್ಲ. ಹನುಮಂತನಗರದಿಂದ ಕಿದ್ವಾಯಿಗೆ ಆರು ಕಿಲೋಮೀಟರ್ ಆಸುಪಾಸು. ಆಗಿನ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ಹೋಗಿ ಬರಲು 180. ಆದರೆ ಬೆಳಗಿನ ಹೊತ್ತು ಮೀಟರ್ ಹಾಕುವ ಆಟೊ ಸಿಗಬೇಕಲ್ವಾ? ನಮ್ಮ ರಸ್ತೆಯ ಆಟೊ ಚಾಲಕರೊಬ್ಬರು ಮೀಟರ್ ದರಕ್ಕೇ ಬರುವುದಾಗಿ ಒಪ್ಪಿದರು. ತಿಂಗಳ ಕೊನೆಗೆ ಲೆಕ್ಕ. ರಾತ್ರಿ ಕರೆದರೂ ಬರುತ್ತೇನೆ ಅಂದರು, ಬಂದರು ಕೂಡ. ಇದು ಎಷ್ಟು ಮುಖ್ಯ ಅಂದರೆ, ಬಿಳಿ ರಕ್ತಕಣದ ಕೌಂಟು ಕಡಿಮೆ ಇರುವಾಗ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ ಆಂಟಿಬಯೋಟಿಕ್ ಶುರುಮಾಡಬೇಕು. ಅದಕ್ಕಾಗಿ ಸಿಸ್ಟರ್ ಮನೆಯಲ್ಲಿ 10,000 ರೂಪಾಯಿ ನಗದು ಸದಾ ಇರುತ್ತಿತ್ತು. ರಾತ್ರಿ ಯಾರನ್ನೂ ಕೇಳಬೇಕಾಗಿಲ್ಲ, ಬಾಗಿಲು ಬಡಿದು ತೆಗೆದುಕೊಂಡು ಹೋಗುವುದು.

ಇನ್ನು ಇಸ್ತ್ರಿ ಗಾಡಿ. ದುಡಿಮೆ ನಿಂತರೆ ಮನೆ ಪೂರ್ತಿ ದಾನದ ಮೇಲೆ ನಿಲ್ಲುತ್ತದೆ. ತಂದೆಗೆ ಅದು ಬೇಡವಾಗಿತ್ತು. "ಬಟ್ಟೆ ಬೇರೆ ಕಡೆ ಕೊಡಬೇಡಿ ಸಾರ್, ಲೇಟಾದರೂ ಮಾಡಿಕೊಡ್ತೀನಿ" ಅಂತ ಅವರು ಕೇಳಿದ್ದು ಅಷ್ಟೇ. ಆಗ ಮಾಡಿದ ಏರ್ಪಾಟು ನನಗೆ ಬಹಳ ಇಷ್ಟ. ಆಸ್ಪತ್ರೆಗೆ ಹೋಗುವ ದಿನ ಗಾಡಿ ಇಲ್ಲ. ಉಳಿದ ದಿನಗಳಿಗೆ ಮನೆಗಳನ್ನು ಹಂಚಿಕೊಂಡೆವು. ನಿಮ್ಮ ಮನೆ ಬಟ್ಟೆ ಮಂಗಳವಾರ, ಎದುರು ಮನೆಯವರದು ಶುಕ್ರವಾರ. ಅರ್ಜೆಂಟು ಅನ್ನುವಂತಿಲ್ಲ. ಆಫೀಸಿಗೆ ಹೋಗುವವರಿಗೆ ತೊಂದರೆ ಆಯಿತು, ಆದರೆ ವಾರದ ಬಟ್ಟೆ ಮೊದಲೇ ಜೋಡಿಸಿಡಲು ಕಲಿತರು. ಜೊತೆಗೆ ಬಟ್ಟೆಗೆ 8 ರೂಪಾಯಿ ಇದ್ದದ್ದನ್ನು ಎಲ್ಲರೂ ಸೇರಿ 10 ಮಾಡಿದೆವು. ಇದು ದಾನದ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಅವರ ದುಡಿಮೆಯ ದುಡ್ಡಾಗಿಯೇ ಬಂತು.

ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಸಲಹೆ ಕೊಟ್ಟರು: ಪ್ರತಿ ಮನೆಯವರೂ ಆರು ತಿಂಗಳ ಇಸ್ತ್ರಿ ದುಡ್ಡು ಮುಂಗಡ ಕೊಟ್ಟುಬಿಡೋಣ. ಸಿಸ್ಟರ್ ಬೇಡ ಅಂದರು. ಕಾಯಿಲೆ ಮನೆಯ ಮೇಲೆ ಆರು ತಿಂಗಳ ಬಟ್ಟೆಯ ಸಾಲ ಹೊರಿಸಿದ ಹಾಗಾಗುತ್ತದೆ ಅನ್ನುವುದು ಅವರ ಮಾತು. ಅದು ಸರಿ ಇತ್ತು.

2022ರ ಅಕ್ಟೋಬರಿನಿಂದ ತಿಂಗಳ ವಂತಿಗೆ ಶುರುವಾಯಿತು. ನಲವತ್ತರ ಹತ್ತಿರ ಮನೆಗಳು, 100ರಿಂದ 1,000ವರೆಗೆ, ಒಟ್ಟು ತಿಂಗಳಿಗೆ ಸುಮಾರು 14,000. ಅದರಲ್ಲಿ 9,000 ಐದನೇ ತಾರೀಖಿನೊಳಗೆ ತಾಯಿಯ ಖಾತೆಗೆ. ಉಳಿದದ್ದು ತುರ್ತಿಗೆ. ಮಹಿಳೆಯ ಖಾತೆಗೆ ಅನ್ನುವುದು ಚರ್ಚೆಯಿಲ್ಲದೆ ಒಪ್ಪಿಗೆಯಾದ ಏಕೈಕ ವಿಷಯ.

ಪ್ಲೇಟ್‌ಲೆಟ್

ಹಣಕ್ಕಿಂತ ಹೆಚ್ಚು ಓಡಾಡಿಸಿದ್ದು ರಕ್ತ. ಇಂಡಕ್ಷನ್ ಸಮಯದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಬರುತ್ತದೆ. ಪ್ಲೇಟ್‌ಲೆಟ್ ಕೂಡಿಡಲು ಆಗುವುದಿಲ್ಲ, ಐದು ದಿನಕ್ಕೆ ಕೆಡುತ್ತದೆ. ಅದು ಆಗಸ್ಟ್, ಸೆಪ್ಟೆಂಬರ್. ಬೆಂಗಳೂರಿನಲ್ಲಿ ಡೆಂಗಿ ಕಾಲ. ಇಡೀ ಊರಿಗೆ ಪ್ಲೇಟ್‌ಲೆಟ್ ಬೇಕಾಗಿರುವ ಹೊತ್ತು.

ನಮ್ಮ ಗಣೇಶನ ಕಮಿಟಿಯ ಹುಡುಗರು ಮೊದಲು ಒಂದು ದೊಡ್ಡ ರಕ್ತದಾನ ಶಿಬಿರ ಮಾಡೋಣ ಅಂದರು. ಸಿಸ್ಟರ್ ತಡೆದರು. ಎಲ್ಲರೂ ಒಂದೇ ದಿನ ರಕ್ತ ಕೊಟ್ಟರೆ, ಆಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕೊಡುವಂತಿಲ್ಲ. ಮುಂದಿನ ವಾರ ಬೇಕಾದರೆ ಯಾರಿದ್ದಾರೆ? ಮೆಷಿನ್‌ನಲ್ಲಿ ಪ್ಲೇಟ್‌ಲೆಟ್ ಮಾತ್ರ ಕೊಡುವುದು ಬೇರೆ. ರಕ್ತ ತೆಗೆದು, ಪ್ಲೇಟ್‌ಲೆಟ್ ಬೇರ್ಪಡಿಸಿ, ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತಾರೆ. ಒಂದೆರಡು ಗಂಟೆ ಹಿಡಿಯುತ್ತದೆ. ಕೊಟ್ಟವರು 48 ಗಂಟೆ ಆದ ಮೇಲೆ ಮತ್ತೆ ಕೊಡಬಹುದು, ವರ್ಷಕ್ಕೆ 24 ಸಲದವರೆಗೆ. ಹಾಗಾಗಿ ಶಿಬಿರದ ಬದಲು ಪಟ್ಟಿ ಆಯಿತು. ರಕ್ತದ ಗುಂಪು, ಫೋನ್ ನಂಬರ್, ಯಾವ ವಾರ ಬಿಡುವು. ಇಬ್ಬರ ಕೈ ನರ ಸಣ್ಣದು ಅಂತ ವಾಪಸ್ ಕಳಿಸಿದರು. ಅವರು ಆ ಪಟ್ಟಿ ನೋಡಿಕೊಂಡು ಫೋನ್ ಮಾಡುವ ಕೆಲಸ ಹಿಡಿದರು. ಆ ಪಟ್ಟಿ ಈಗಲೂ ಜೀವಂತ ಇದೆ. ಬೇರೆ ಬಡಾವಣೆಯ ಮಕ್ಕಳಿಗೂ ಇದೇ ಹುಡುಗರು ಹೋಗಿ ಕೊಟ್ಟು ಬಂದಿದ್ದಾರೆ.

ಫೋಟೊ ಬೇಡ, ಲೆಕ್ಕ ಬೇಕು

ಮಗುವಿನ ಫೋಟೊ ಹಾಕಿದರೆ ಹಣ ಜಾಸ್ತಿ ಬರುತ್ತದೆ ಅಂತ ಹಲವರು ಹೇಳಿದರು. ಬರುತ್ತದೆ, ಸುಳ್ಳಲ್ಲ. ಆದರೆ ತಾಯಿ ಒಂದೇ ಮಾತು ಹೇಳಿದರು: ನಾಳೆ ಅವಳು ಇದೇ ರಸ್ತೆಯಲ್ಲಿ ಸ್ಕೂಲಿಗೆ ಹೋಗಬೇಕು. ತಲೆಕೂದಲು ಉದುರಿದ, ಸ್ಟೀರಾಯ್ಡ್‌ನಿಂದ ಮುಖ ಊದಿದ ಫೋಟೊ ಎಲ್ಲರ ಫೋನಿನಲ್ಲಿ ಇದ್ದರೆ ಅವಳಿಗೆ ಹೇಗಿರುತ್ತದೆ? ಫೋಟೊ ಹಾಕಲಿಲ್ಲ. ಹೊರಗಿನಿಂದ ಬರಬಹುದಾಗಿದ್ದ ಹಣ ಅದರಿಂದ ಕಡಿಮೆಯಾಗಿರಬಹುದು. ಆ ನಿರ್ಧಾರ ಸರಿ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಫೋಟೊ ಇಲ್ಲದ ಮೇಲೆ ನಂಬಿಕೆ ಲೆಕ್ಕದಿಂದ ಬರಬೇಕು. ಹಣ ನೋಂದಾಯಿತ ನಿವಾಸಿಗಳ ಸಂಘದ ಖಾತೆಯಲ್ಲಿತ್ತು. ತೆಗೆಯಲು ಇಬ್ಬರ ಸಹಿ. ತಂದೆಯ ಖಾತೆಗೇ ನೇರವಾಗಿ ಹಾಕಿಸದಿರಲು ಒಂದು ಕಾರಣ ಇದೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಹಣ ಬಂದರೆ ಅದನ್ನು ಆದಾಯ ಅಂತ ಲೆಕ್ಕ ಹಿಡಿಯುವ ನಿಯಮ ಆದಾಯ ತೆರಿಗೆ ಕಾನೂನಿನಲ್ಲಿದೆ. ಇಷ್ಟು ಕಡಿಮೆ ಆದಾಯದ ಮನೆಗೆ ತೆರಿಗೆ ಬೀಳದೇ ಇರಬಹುದು, ಆದರೂ ಆ ತಲೆನೋವು ಅವರಿಗೆ ಯಾಕೆ? ಐಟಿ ಕಂಪನಿಯಲ್ಲಿರುವ ಒಬ್ಬರು, ದಾನಕ್ಕೆ ತೆರಿಗೆ ವಿನಾಯಿತಿ ಸಿಗಲು ಬೇಕಾದ 80ಜಿ ರಸೀದಿ ಕೇಳಿದರು. ನಮ್ಮ ಸಂಘಕ್ಕೆ ಆ ನೋಂದಣಿ ಇಲ್ಲ. ಅದು ಬೇಕಾದವರು 80ಜಿ ಇರುವ ಟ್ರಸ್ಟ್‌ಗೆ ಕೊಡಬೇಕು, ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಅದಕ್ಕೂ ವಿನಾಯಿತಿ ಸಿಗದು. ಅವರು ಒಂದು ಟ್ರಸ್ಟ್‌ಗೂ ಕೊಟ್ಟರು, ನಮಗೂ ಕೊಟ್ಟರು.

ಪ್ರತಿ ತಿಂಗಳು ಒಂದು ಪುಟದ ಲೆಕ್ಕ ಗ್ರೂಪಿಗೆ ಹೋಗುತ್ತಿತ್ತು. ಆಸ್ಪತ್ರೆಯ ಬಿಲ್ ಇದ್ದರೆ ಹೆಸರು ಮುಚ್ಚಿ ಅದರ ಚಿತ್ರ. ಆದರೆ ತಾಯಿಗೆ ಕೊಟ್ಟ 9,000ಕ್ಕೆ ಲೆಕ್ಕ ಕೇಳುವುದಿಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. ಇದು ಪರೀಕ್ಷೆಗೆ ಬಂದದ್ದು ದೀಪಾವಳಿಯಲ್ಲಿ. ಮಗುವಿಗೆ ಹೊಸ ಲಂಗ, ಮತಾಪು ತಂದಿದ್ದರು. "ನಮ್ಮ ದುಡ್ಡಲ್ಲಿ ಹಬ್ಬ" ಅನ್ನುವ ಮಾತು ಎಲ್ಲಿಂದಲೋ ಹುಟ್ಟಿ ಅವರ ಕಿವಿಗೂ ಬಿತ್ತು. ತಾಯಿ ಮಾರನೇ ದಿನ ಲಂಗದ ಬಿಲ್ ಹಿಡಿದು ಸಿಸ್ಟರ್ ಮನೆಗೆ ಬಂದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಸಿಸ್ಟರ್ ಆ ಬಿಲ್ ನೋಡಲೇ ಇಲ್ಲ. ಗ್ರೂಪಿನಲ್ಲಿ ಅಂದು ಸಂಜೆ ಬರೆದರು: ಕ್ಯಾನ್ಸರ್ ಬಂದ ಮಗುವಿಗೂ ಹಬ್ಬ ಇದೆ, ಮನೆ ಖರ್ಚಿನ ದುಡ್ಡು ಅವರದು, ಅದರ ಬಗ್ಗೆ ಇಲ್ಲಿ ಯಾರೂ ಮಾತಾಡುವಂತಿಲ್ಲ. ಇಬ್ಬರು ವಂತಿಗೆ ನಿಲ್ಲಿಸಿದರು. ನಿಲ್ಲಿಸಲಿ.

ರಾಜ್ಯೋತ್ಸವದ ಕಮಿಟಿಯವರು ಆ ವರ್ಷ ಆರ್ಕೆಸ್ಟ್ರಾ ಚಿಕ್ಕದು ಮಾಡಿ 15,000 ಕೊಟ್ಟರು. ಜನವರಿಯಲ್ಲಿ, ಅವರೆ ಮೇಳಕ್ಕೆ ಹೋಗಿ ಬಂದವರಿಗೆ ನಮ್ಮ ರಸ್ತೆಯಲ್ಲೂ ಒಂದು ದಿನ ಮಾಡೋಣ ಅನಿಸಿತು. ಹಿಂದಿನ ದಿನ ಇಡೀ ರಸ್ತೆ ಕೂತು ಅವರೆಕಾಯಿ ಸುಲಿದು, ಕಾಳು ಹಿತುಕಿತು. ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ಖರ್ಚು ಕಳೆದು 22,000 ಉಳಿಯಿತು. ಅಷ್ಟು ಜನರ ಅಷ್ಟು ಹೊತ್ತಿನ ದುಡಿಮೆಗೆ ಇದು ಜಾಸ್ತಿ ಏನಲ್ಲ. ಸುಮ್ನೆ ಎಲ್ಲರೂ ಇನ್ನೊಂದಿಷ್ಟು ಹಾಕಿದ್ದರೆ ಇದಕ್ಕಿಂತ ಬೇಗ ಸೇರುತ್ತಿತ್ತು. ಆದರೆ ಅಲ್ಲಿಗೆ ಊಟಕ್ಕೆ ಬಂದ ಹಿಂದಿನ ರಸ್ತೆಯ ಏಳೆಂಟು ಮನೆಯವರು ತಿಂಗಳ ವಂತಿಗೆಗೆ ಸೇರಿದರು. ನಿಜವಾದ ಲಾಭ ಅದು. ಹುಡುಗಿ ಮಾತ್ರ ಆ ದಿನ ಕೌಂಟು ಕಡಿಮೆ ಇದ್ದದ್ದರಿಂದ ಮನೆಯಲ್ಲೇ ಇದ್ದಳು.

ಕೂದಲು ಬಂದ ಮೇಲೆ

2023ರ ಮೇ ಹೊತ್ತಿಗೆ ಬಿರುಸಿನ ಕೀಮೋ ಮುಗಿದು ಮೇಂಟೆನೆನ್ಸ್ ಶುರುವಾಯಿತು. ಕೂದಲು ಬಂತು. ಜೂನ್‌ನಲ್ಲಿ ಶಾಲೆಗೂ ಹೋಗತೊಡಗಿದಳು. ಎಲ್ಲರಿಗೂ ಸಂತೋಷ. ಮತ್ತು ವಂತಿಗೆ ಕುಸಿಯಿತು. ನಲವತ್ತರ ಹತ್ತಿರ ಇದ್ದ ಮನೆಗಳು ಇಪ್ಪತ್ತೈದಕ್ಕೆ ಇಳಿದವು. ಯಾರೂ ಕೆಟ್ಟವರಾಗಿ ನಿಲ್ಲಿಸಲಿಲ್ಲ. ಮಗು ಹುಷಾರಾಯಿತಲ್ಲ, ಇನ್ನೇನು ಅನ್ನುವ ಭಾವನೆ.

ಅದೇ ಭಾವನೆ ಆ ಮನೆಯಲ್ಲೂ ಇತ್ತು, ಅದು ಅಪಾಯ. ಊರಿನ ಹಿರಿಯರು ಹುಷಾರಾದ ಮಗುವಿಗೆ ಯಾಕೆ ಇಷ್ಟು ಮಾತ್ರೆ, ನಿಲ್ಲಿಸಿ ನಾಟಿ ಔಷಧಿ ಕೊಡಿಸೋಣ ಅಂದರು. ತಂದೆಯ ಮನಸ್ಸು ಅತ್ತ ವಾಲಿತ್ತು. ಆಸ್ಪತ್ರೆಗೆ ಹೋಗುವ ದಿನ ಅವರಿಗೆ ದುಡಿಮೆಯೂ ಹೋಗುತ್ತದೆ. ನಮ್ಮ ದೇಶದಲ್ಲಿ ಎ.ಎಲ್.ಎಲ್. ಮಕ್ಕಳು ಉಳಿಯದೆ ಹೋಗುವ ಕಾರಣಗಳಲ್ಲಿ ಚಿಕಿತ್ಸೆಯನ್ನು ಮಧ್ಯದಲ್ಲಿ ಬಿಡುವುದೂ ಒಂದು. ಪರೀಕ್ಷೆಯಲ್ಲಿ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ಕ್ಯಾನ್ಸರ್ ಕಣಗಳು ಉಳಿದಿರಬಹುದು. ಮೇಂಟೆನೆನ್ಸ್ ಇರುವುದೇ ಅವು ಮತ್ತೆ ಬೆಳೆಯದಂತೆ ನೋಡಿಕೊಳ್ಳಲು. ಸಿಸ್ಟರ್ ಇದನ್ನು ತಂದೆಗೆ ಒಮ್ಮೆ ಹೇಳಿ ಬಿಡಲಿಲ್ಲ. ಪ್ರತಿ ಭಾನುವಾರ ಸಂಜೆ ಮಾತ್ರೆ ಡಬ್ಬಿ ತೆರೆಸಿ ನೋಡುತ್ತಿದ್ದರು. ಜೊತೆಗೆ ಆಸ್ಪತ್ರೆ ದಿನದ ಗಾಡಿಗೆ ಒಂದು ವ್ಯವಸ್ಥೆ ಆಯಿತು. ಆ ದಿನ ತಾಯಿ ಮಗಳು ಮಾತ್ರ ಹೋಗುವುದು, ರಸ್ತೆಯಿಂದ ಒಬ್ಬರು ಜೊತೆಗೆ, ತಂದೆ ಗಾಡಿಯಲ್ಲಿ. ದುಡಿಮೆ ತಪ್ಪದಿದ್ದ ಮೇಲೆ ನಿಲ್ಲಿಸುವ ಮಾತು ತಾನಾಗಿಯೇ ಕಡಿಮೆಯಾಯಿತು.

ಆ ಹೊತ್ತಿಗೆ ಇನ್ನೆರಡು ಕಡೆಯಿಂದ ಆಸರೆ ಬಂತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕೌಂಟು ಚೆನ್ನಾಗಿರುವ ದಿನ ಜನ ಕಡಿಮೆ ಇರುವ ಹೊತ್ತಿನಲ್ಲಿ ತಾಯಿ ಮಗಳು ಬಸ್ಸಿನಲ್ಲಿ ಹೋಗತೊಡಗಿದರು, ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ಶುರುವಾಯಿತು. ಆದರೆ ಅದು ಮನೆಯ ಯಜಮಾನಿಗೆ, ಇಲ್ಲಿ ಕಾರ್ಡ್ ಪ್ರಕಾರ ಯಜಮಾನಿ ಅಂದರೆ ಊರಿನ ಅಜ್ಜಿ. ಅಜ್ಜಿ ಅದರಲ್ಲಿ ಅರ್ಧ ಮೊಮ್ಮಗಳಿಗೆ ಕಳಿಸುತ್ತಿದ್ದರು. ತಾಯಿ ತಾವಾಗಿಯೇ ಬಂದು ತಿಂಗಳಿಗೆ 6,000 ಸಾಕು ಅಂದರು. ವಂತಿಗೆ ಸುಮಾರು 9,000ಕ್ಕೆ ನಿಂತಿತ್ತು. ಕೊನೆಯವರೆಗೂ ಅಲ್ಲೇ ಇತ್ತು, ಅದಕ್ಕಿಂತ ಇಳಿಯಲಿಲ್ಲ. ಆ ಇಪ್ಪತ್ತೈದು ಮನೆಯವರ ಬಗ್ಗೆ ನನಗೆ ಬಹಳ ಗೌರವ. ಮೊದಲ ವಾರ ಕೊಡುವುದು ಸುಲಭ. ಮಗು ಆರೋಗ್ಯವಾಗಿ ಎದುರಿಗೆ ಕುಂಟೆಬಿಲ್ಲೆ ಆಡುತ್ತಿರುವಾಗಲೂ ತಿಂಗಳಿಗೆ 300 ಹಾಕುತ್ತಾ ಹೋಗುವುದು ಬೇರೆ.

2024ರಲ್ಲಿ ಇನ್ನೊಂದು ಕೋರಿಕೆ ಬಂತು. ಹಿಂದಿನ ರಸ್ತೆಯ ವಯಸ್ಸಾದ ಮಹಿಳೆಯೊಬ್ಬರಿಗೆ ಬಾಯಿ ಕ್ಯಾನ್ಸರ್, ಬಹಳ ಮುಂದುವರಿದಿತ್ತು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇತ್ತು. ಮಕ್ಕಳು ಇನ್ನೊಂದು ಆಸ್ಪತ್ರೆಗೆ ಸೇರಿಸಲು ಹಣ ಕೇಳಿದರು. ಸಿಸ್ಟರ್ ಹೋಗಿ ರಿಪೋರ್ಟ್ ನೋಡಿ, ವೈದ್ಯರನ್ನೂ ಕೇಳಿ ಬಂದರು. ಆ ಅಜ್ಜಿಗೆ ಬೇಕಾಗಿದ್ದು ನೋವು ಇಲ್ಲದ ದಿನಗಳು. ಮಾರತ್ತಹಳ್ಳಿ ಕಡೆಯ ಕರುಣಾಶ್ರಯಕ್ಕೆ ಫೋನ್ ಮಾಡಿಸಿದರು. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ಒಂದು ರೂಪಾಯಿಯೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ ಕಟ್ಟಿದ ಸಂಸ್ಥೆ ಅದು. ಮನೆಗೆ ಬಂದು ನೋಡುವ ತಂಡವೂ ಇದೆ. ಅಜ್ಜಿಗೆ ಮಾರ್ಫಿನ್ ಮಾತ್ರೆ ಸಿಕ್ಕಿತು, ನಿದ್ದೆ ಬಂತು. ನಮ್ಮ ನಿಧಿಯಿಂದ ಆ ಮನೆಗೆ ಹಣ ಹೋಗಲೇ ಇಲ್ಲ. ಅವರ ಮಕ್ಕಳು ಹೊಸದಾಗಿ ಸಾಲ ಮಾಡುವುದು ತಪ್ಪಿತು, ಅದೇ ದೊಡ್ಡ ಸಹಾಯ.

ಹುಡುಗಿಯ ಮಾತ್ರೆಗಳು 2025ರ ಜನವರಿ ಕೊನೆಗೆ ನಿಂತವು. ಇನ್ನು ಕೆಲವು ವರ್ಷ ಆಗಾಗ ರಕ್ತ ಪರೀಕ್ಷೆಗೆ ಹೋಗಬೇಕು. ಒಟ್ಟು ಸೇರಿದ್ದು ಸುಮಾರು 5,14,000 ರೂಪಾಯಿ. ಖಾಸಗಿ ಆಸ್ಪತ್ರೆಯ ಬಾಕಿ 40,000. ಕೈಸಾಲ 60,000. ಒಡವೆ ಬಿಡಿಸಲು 46,000. ಕಾರ್ಡ್ ಆಗುವ ಮೊದಲಿನ ಖರ್ಚು 55,000. ತಾಯಿಯ ಖಾತೆಗೆ ತಿಂಗಳು ತಿಂಗಳು ಹೋದದ್ದು 1,95,000. ಆಮೇಲಿನ ತುರ್ತು ಖರ್ಚು, ಹೊರಗಿನ ಪರೀಕ್ಷೆ 58,000. ಉಳಿದದ್ದು 60,000. ಇದರಲ್ಲಿ ಅತಿ ದೊಡ್ಡ ಬಾಬ್ತು ಯಾವುದು ನೋಡಿ: ಆಟೊ, ಬಾಡಿಗೆ, ಹಾಲು, ಮೊಟ್ಟೆ.

ಉಳಿದ ಹಣದ ಬಗ್ಗೆ ಮತ್ತೆ ರಾಮಮಂದಿರದಲ್ಲಿ ಸೇರಿದೆವು. ಅದನ್ನೂ ಆ ಮನೆಗೇ ಕೊಡಬೇಕು ಅಂತ ಕೆಲವರು ಅಂದರು. ತಂದೆ ಎದ್ದು ನಿಂತು ಬೇಡ ಅಂದರು. ಪರೀಕ್ಷೆಗೆ ಹೋಗಿ ಬರುವ ಖರ್ಚಿಗೆ 15,000 ಅವರ ಹೆಸರಲ್ಲಿ ತೆಗೆದಿಟ್ಟು, 10,000 ಕರುಣಾಶ್ರಯಕ್ಕೆ ಕಳಿಸಿ, 35,000ವನ್ನು ಮುಂದಿನ ಮನೆಗೆ ಅಂತ ಸಂಘದ ಖಾತೆಯಲ್ಲೇ ಬಿಟ್ಟೆವು. ತೆಗೆಯಲು ಸಹಿ ಮಾಡುವ ಇಬ್ಬರಲ್ಲಿ ಒಬ್ಬರು ಈಗ ಆ ಹುಡುಗಿಯ ತಾಯಿ.